ಬೊಮ್ಮಯ್ಯನ ಕರ್ಪೂರ

ಹೊಳೆಯ ನಡುಗಡ್ಡೆಯಲ್ಲಿ ಒಂದು ಆಶ್ರಮ. ಅದಕ್ಕೊಂದು ಮೋಟಾರು ದೋಣಿ. ನಡೆಸುವವನು ಶಿಷ್ಯ ಬೊಮ್ಮಯ್ಯ.

ದಡ ಬಿಡುವ ಮುನ್ನ ದೋಣಿಯ ಮೂತಿಗೆ ಕರ್ಪೂರ ಬೆಳಗುವುದು ಅವನ ಮನೆತನದ ರೂಢಿ. ಅಪ್ಪ ಹುಟ್ಟು ಹಾಕುತ್ತಿದ್ದ ಕಾಲದ್ದು.

ಒಂದು ಮಧ್ಯಾಹ್ನ, ತೋಟದ ಕೆಲಸದ ಸುಕ್ರಿಗೆ ದಿನ ತುಂಬುವ ಮೊದಲೇ ಹೆರಿಗೆ ನೋವು ಕಾಣಿಸಿತು. ಆಸ್ಪತ್ರೆ ಇರುವುದು ಆಚೆ ದಡದಲ್ಲಿ.

ಬೊಮ್ಮಯ್ಯ ಅವಳನ್ನೂ ಅವಳ ಅತ್ತೆ ಹಮ್ಮಿಯನ್ನೂ ದೋಣಿಯಲ್ಲಿ ಕೂರಿಸಿದ. ಕ್ಯಾನಿನಿಂದ ಮೋಟಾರಿಗೆ ಪೆಟ್ರೋಲು ಸುರಿದ. ಅವಸರಕ್ಕೆ ಒಂದಿಷ್ಟು ಚೆಲ್ಲಿ ಹಲಗೆಗಳ ಸಂದಿಗೆ ಇಳಿಯಿತು. ದಡದ ಕಟ್ಟೆ ಹತ್ತಿ ಕರ್ಪೂರ ಹಚ್ಚಿದ.

ತಟ್ಟೆಯನ್ನು ಮೂತಿಯ ಕಡೆ ಚಾಚುವಷ್ಟರಲ್ಲಿ ಹಿಂದಿನಿಂದ ಒಂದು ಕೈ ಬಂತು. ಗುರುಗಳು ಉರಿಯುವ ಕರ್ಪೂರವನ್ನು ಮುಷ್ಟಿಯಲ್ಲಿ ಹಿಡಿದು ಹಿಂದೆ ಸರಿದರು. ಅದು ಮುಷ್ಟಿಯೊಳಗೇ ಆರಿತು.

“ಅವರನ್ನು ಇಳಿಸು.”

“ಗುರುಗಳೇ, ನೋವು ಜಾಸ್ತಿ ಆಗ್ತಾ ಇದೆ.”

“ಇಳಿಸು.”

ಹಮ್ಮಿ ಸೊಸೆಯನ್ನು ತಬ್ಬಿ ಇಳಿಸುತ್ತ ಗೊಣಗಿದಳು. “ಸನ್ಯಾಸಿಗಳಿಗೆ ಹೆರಿಗೆ ಅಂದ್ರೆ ಏನು ಗೊತ್ತು. ಮೊಮ್ಮಗು ಈ ಕಟ್ಟೆ ಮೇಲೇ ಹುಟ್ಟಲಿ ಬಿಡಿ.”

ಗುರುಗಳು ದೋಣಿಗಿಳಿದು ಹಲಗೆ ಎತ್ತಿ ಬದಿಗಿಟ್ಟರು.

“ಬಗ್ಗು. ಮೂಸು.”

ಬೊಮ್ಮಯ್ಯ ಬಗ್ಗಿದ. ತಲೆ ಗಿರ್ರೆಂದಿತು. “ಪೆಟ್ರೋಲು ವಾಸನೆ.”

“ಕಣ್ಣಿಗೆ ಕಾಣ್ತದಾ?”

“ಇಲ್ಲ.”

“ಬೆಂಕಿಗೆ ಕಾಣ್ತದೆ.”

ಬೊಮ್ಮಯ್ಯ ಹಳೇ ಪಂಚೆಯಿಂದ ಚೆಲ್ಲಿದ್ದನ್ನೆಲ್ಲ ಒರೆಸಿ, ಬಟ್ಟೆಯನ್ನು ದೂರ ಎಸೆದ. ಹೊಳೆಯ ಗಾಳಿ ದೋಣಿಯೊಳಗೆ ಆಡತೊಡಗಿತು.

“ಮೋಟಾರು ನಡುವೆ ನಿಂತರೆ?” ಗುರುಗಳು ಕೇಳಿದರು.

“ಹುಟ್ಟು ಇದೆ.”

“ಎಲ್ಲಿ?”

ಬೊಮ್ಮಯ್ಯ ತಲೆ ತಗ್ಗಿಸಿದ. “ಅಡುಗೆಮನೆ ಹಿಂದೆ. ಬಟ್ಟೆ ಒಣಗಿಸೋಕೆ ಕಟ್ಟಿದ್ದೀನಿ.”

“ತಾ. ಲೈಫ್ ಜಾಕೆಟ್‌ಗಳನ್ನೂ ತಾ.”

ಓಡಿ ಹೋಗಿ ತಂದ. ಸುಕ್ರಿ ಕಟ್ಟೆಯ ಕಂಬ ಹಿಡಿದು ಕುಸಿದಿದ್ದಳು. “ಬೊಮ್ಮಯ್ಯಣ್ಣ, ಬೇಗ.”

“ಈಗ ಹೊರಡಲಾ, ಗುರುಗಳೇ?”

“ಮೂಸಿ ಹೇಳು.”

ಮತ್ತೆ ಬಗ್ಗಿದ. ತೆಳ್ಳಗೆ ಇನ್ನೂ ಇತ್ತು. ಇಲ್ಲ ಅಂದುಬಿಡೋಣ ಅನ್ನಿಸಿತು. ಸುಕ್ರಿಯ ಕಡೆ ನೋಡಿದ.

“ಇದೆ,” ಅಂದ.

ಕಾದರು. ಹಮ್ಮಿ ಸೊಸೆಯ ಬೆನ್ನು ನೀವಿದಳು.

ಮೂರನೇ ಸಲ ಬಗ್ಗಿದಾಗ ಬರೀ ನೀರು, ಪಾಚಿಯ ವಾಸನೆ.

ಹಲಗೆ ಮುಚ್ಚಿದ. ಇಬ್ಬರನ್ನೂ ಹತ್ತಿಸಿ ಜಾಕೆಟ್ ತೊಡಿಸಿ, ತಾನೂ ತೊಟ್ಟ. ಮೋಟಾರು ಶುರುವಾಯಿತು. ಗುರುಗಳು ಕಟ್ಟೆಯಿಂದ ಹಗ್ಗ ಬಿಚ್ಚುವಾಗ ಅವರ ಅಂಗೈಯ ಬೊಬ್ಬೆ ಕಂಡಿತು.

“ಗುರುಗಳೇ, ಕರ್ಪೂರ ಬೆಳಗದೆ ಈ ದೋಣಿ ಯಾವತ್ತೂ ದಡ ಬಿಟ್ಟಿಲ್ಲ.”

ಗುರುಗಳು ಉಳಿದ ಕರ್ಪೂರದ ಪೊಟ್ಟಣವನ್ನು ಅವನ ಜೇಬಿಗೆ ಹಾಕಿದರು.

“ಆಚೆ ದಡ ಹತ್ತಿದ ಮೇಲೆ ಹಚ್ಚು.”

“ಅಲ್ಲಿ ಯಾರಿಗೆ ಬೆಳಗಲಿ?”

ಗುರುಗಳು ದೋಣಿಯನ್ನು ನೀರಿಗೆ ನೂಕಿದರು.

“ಇಳಿದವರಿಗೆ.”