ಸರಕಲ್ಲದ ಹೇಂಟೆ

ಹೊಳೆಯ ಎರಡು ದಡದವರೂ ಸೇರಿ ಒಂದೇ ಸಂತೆ ಮಾಡಿಕೊಂಡರು. ಇನ್ನು ಮುಂದೆ ಸೇತುವೆಯ ಮೇಲೆ ಯಾವ ಸರಕನ್ನೂ ತಡೆಯಕೂಡದು ಎಂದು ಠರಾವಾಯಿತು. ಗೇಟು ಕಾಯಲು ಕೋತಿಯನ್ನು ನೇಮಿಸಿದರು.

ಒಂದು ಬೆಳಿಗ್ಗೆ ಕತ್ತೆಯೊಂದು ಬಂತು. ಅದರ ಒಂದು ಮಗ್ಗುಲಿಗೆ ಉಪ್ಪಿನ ಮೂಟೆ, ಇನ್ನೊಂದು ಮಗ್ಗುಲಿಗೆ ಮೊಟ್ಟೆಯ ಬುಟ್ಟಿ. ಆಚೆ ದಡದ ಹೊಸ ಗೂಡಿಗೆ ಹೊರಟಿದ್ದ ಹೇಂಟೆ ಬುಟ್ಟಿಯಲ್ಲೇ ಕಾವಿಗೆ ಕೂತಿತ್ತು.

“ಉಪ್ಪು ಹೋಗಲಿ, ಮೊಟ್ಟೆ ಹೋಗಲಿ. ನೀನು ಇಳಿಯಮ್ಮ, ನೀನು ಸರಕಲ್ಲ,” ಎಂದಿತು ಕೋತಿ.

“ನಾನು ಎದ್ದರೆ ಒಳಗಿನ ಮರಿಗಳು ಸಾಯುತ್ತವಪ್ಪ.”

“ಸತ್ತರೂ ಅವು ಮೊಟ್ಟೆಗಳೇ. ತಡೆಯಿಲ್ಲ.”

“ತಾಯಿಗೆ ಹಕ್ಕೇ ಇಲ್ಲವೇ?”

“ಏಕಿಲ್ಲ? ಠರಾವಿನ ಮೊದಲ ಸಾಲಿನಲ್ಲೇ ದಪ್ಪ ಅಕ್ಷರದಲ್ಲಿದೆ. ಗೇಟು ತೆಗೆಯುವ ಮಾತು ಮಾತ್ರ ಸರಕಿನ ಸಾಲಿನಲ್ಲಿದೆ.”

ಹೇಂಟೆಯನ್ನು ಎತ್ತಲು ಹೋಗಿ ಕೋತಿ ಕುಕ್ಕಿಸಿಕೊಂಡಿತು. ಸಿಟ್ಟಿನಿಂದ ಬುಟ್ಟಿಯನ್ನೇ ಇಳಿಸಿ ಗೇಟಿನ ನಡುವೆ ಇಟ್ಟಿತು. ಹೇಂಟೆ ರೆಕ್ಕೆ ಹರಡಿ ಕೂತೇ ಇತ್ತು. ಸೇತುವೆ ಕಿರಿದು, ಕತ್ತೆಗೆ ದಾರಿಯಿಲ್ಲ. ಹಿಂದೆ ಬಂಡಿಗಳು ಸಾಲುಗಟ್ಟಿದವು.

“ಉಪ್ಪನ್ನು ತಡೆದವನು ಯಾರಯ್ಯ?” ಎಂದು ಕತ್ತೆಯ ಮೇಲಿದ್ದ ಉಪ್ಪಿನ ಮೂಟೆಯೇ ಬಾಯಿ ಬಿಟ್ಟು ಗುಡುಗಿತು. “ನಿನಗೆ ಕೆಲಸ ಬೇಕೋ ಬೇಡವೋ?”

ಕೋತಿ “ಏಳು ತಾಯಿ,” ಎಂದು ಕೈಮುಗಿಯಿತು.

“ಇಪ್ಪತ್ತೊಂದು ದಿನ ತುಂಬದೆ ಏಳುವುದಿಲ್ಲ. ಇವತ್ತಿಗೆ ಹತ್ತೊಂಬತ್ತು,” ಎಂದಿತು ಹೇಂಟೆ.

ಕೋತಿ ಹೇಂಟೆಯ ಸಮೇತ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಆಚೆ ದಡಕ್ಕೆ ಓಡಿತು. ಮರಳಿ ಬಂದು ವರದಿ ಬರೆಯಿತು: “ಉಪ್ಪಿಗೆ ಒದಗಿದ್ದ ಅಡ್ಡಿಯನ್ನು ಸುರಕ್ಷಿತವಾಗಿ ಆಚೆ ದಡಕ್ಕೆ ತಲುಪಿಸಲಾಗಿದೆ.”