ಉಗುರಿನ ಅವಸರ

ಬಳೆ ತೊಡಿಸುವ ನೀಲವ್ವನ ಬಲಗೈ ಮೇಲಿದ್ದ ನರಹುಲಿಯನ್ನು ಡಾಕ್ಟರು ಸುಟ್ಟರು. ಗಾಯದ ಮೇಲೆ ಕಪ್ಪು ಹಕ್ಕಳೆ ಕಟ್ಟಿತು.

ಎಡಗೈ ಹೆಬ್ಬೆರಳಿನ ಉಗುರು ಹಕ್ಕಳೆಯನ್ನು ಗದರಿತು: "ನಿನ್ನನ್ನು ಕಂಡು ಹೆಂಗಸರು ಬಳೆಗೆ ಕೈ ನೀಡಲು ಹೇಸುತ್ತಿದ್ದಾರೆ. ಏಳು ಇಲ್ಲಿಂದ!"

"ನನ್ನಡಿ ಎಳೆ ಚರ್ಮ ಬೆಳೆಯುತ್ತಿದೆ, ಉಗುರಣ್ಣ. ಅದು ಬಲಿತ ದಿನ ನಾನೇ ಉದುರುತ್ತೇನೆ. ನರಹುಲಿಯ ಸೋಂಕು ಇನ್ನೂ ಒಳಗಿರಬಹುದು, ಕೆದಕಬೇಡ" ಎಂದಿತು ಹಕ್ಕಳೆ.

"ಅಲ್ಲಿಯವರೆಗೆ ಕಾಯುತ್ತ ಕೂರಲೇ?" ಎಂದು ಉಗುರು ಅಂಚಿಗೆ ತೂರಿ ಎಳೆಯಿತು. ಹಕ್ಕಳೆ ಕಿತ್ತು ಬಂತು, ರಕ್ತ ಜಿನುಗಿತು.

ಕೆಲವು ತಿಂಗಳಿಗೆ ಆ ಉಗುರಿನ ಮಗ್ಗುಲಲ್ಲೇ ನರಹುಲಿ ಎದ್ದಿತು. ಅದನ್ನೂ ಸುಟ್ಟರು, ಅಲ್ಲೂ ಹಕ್ಕಳೆ ಕಟ್ಟಿತು. ಬಲಗೈ ಉಗುರು ಕೆರೆಯಲು ಬಾಗಿದಾಗ ಎಡಗೈ ಉಗುರು ಹೌಹಾರಿತು: "ದಮ್ಮಯ್ಯ, ಮುಟ್ಟಬೇಡ! ಅದರಡಿ ಎಳೆ ಚರ್ಮವಿದೆ."