ನೂಲಿಲ್ಲದ ಲಾಳಿ

"ಗುರುಗಳೇ, ಮನೆಯ ಮಾನ ಉಳಿಸಿಕೊಳ್ಳಲು ಮನೆಯವರೊಬ್ಬರ ಕಾಯಿಲೆಯನ್ನು ಮುಚ್ಚಿಟ್ಟರೆ ಅದು ತಪ್ಪಾಗುತ್ತದೆಯೇ?" ಎಂದು ಶಿಷ್ಯನೊಬ್ಬ ಕೇಳಿದ.

ಅವನು ತನ್ನ ಊರಿಗೆ ಹೋಗಿ ಬಂದು ಕೆಲವು ದಿನಗಳಾಗಿದ್ದವು. ಬಂದಂದಿನಿಂದ ಊಟಕ್ಕೆ ಕೂತು ತುತ್ತು ಮುಟ್ಟದೆ ಎದ್ದು ಹೋಗುತ್ತಿದ್ದ. ಮನೆಯಲ್ಲಿ ಎಲ್ಲರೂ ಹೇಗಿದ್ದಾರೆ ಎಂದು ಕೇಳಿದವರಿಗೆ ಚೆನ್ನಾಗಿದ್ದಾರೆ ಎನ್ನುತ್ತಿದ್ದ. ಅಣ್ಣನ ಸುದ್ದಿ ಕೇಳಿದರೆ ಮಾತ್ರ, ಅವನು ಯಾತ್ರೆಗೆ ಹೋಗಿದ್ದಾನೆ ಎಂದು ಹೇಳಿ ಬೇರೆ ಮಾತು ತೆಗೆಯುತ್ತಿದ್ದ.

ಯಾವ ಕಾಯಿಲೆ ಎಂದು ಗುರುಗಳು ಕೇಳಿದರು. ಮನಸ್ಸಿನದು ಎಂದ ಶಿಷ್ಯ. ಮರುಕ್ಷಣವೇ, ಯಾರಿಗೂ ಏನೂ ಆಗಿಲ್ಲ, ಸುಮ್ಮನೆ ಕೇಳಿದೆ ಎಂದು ಸೇರಿಸಿದ.

"ಸುಮ್ಮನೆ ಕೇಳುವವರು ಮಳೆ ಬೆಳೆಯ ಸುದ್ದಿ ಕೇಳುತ್ತಾರೆ," ಎಂದರು ಗುರುಗಳು. "ಕೂತುಕೋ. ಒಂದು ಕತೆ ಹೇಳುತ್ತೇನೆ."

ಒಂದು ಊರಿನಲ್ಲಿ ನೇಕಾರರ ಬೀದಿ ಇತ್ತು. ಮನೆಗೆ ಮನೆ ಅಂಟಿಕೊಂಡಿತ್ತು. ಒಂದು ಮನೆಯ ಗೋಡೆಯೇ ಇನ್ನೊಂದು ಮನೆಯ ಗೋಡೆ. ಬೆಳಗಾಯಿತೆಂದರೆ ಎಲ್ಲ ಮನೆಗಳ ಮಗ್ಗ ಶುರುವಾಗುತ್ತಿತ್ತು, ದೀಪ ಹಚ್ಚುವ ಹೊತ್ತಿಗೆ ನಿಲ್ಲುತ್ತಿತ್ತು. ಅಮಾವಾಸ್ಯೆಯ ದಿನ ಮಾತ್ರ ಮಗ್ಗಕ್ಕೆ ಬಿಡುವು. ಉಳಿದ ದಿನಗಳಲ್ಲಿ ಯಾವುದಾದರೂ ಮನೆಯ ಮಗ್ಗ ಸದ್ದು ಮಾಡದಿದ್ದರೆ ಪಕ್ಕದ ಮನೆಯವರು ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು ಏನಾಯಿತು ಎಂದು ಕೇಳುತ್ತಿದ್ದರು. ಜ್ವರ ಎಂದರೆ ಗಂಜಿ ಬರುತ್ತಿತ್ತು. ಕಾಲು ಉಳುಕಿತು ಎಂದರೆ ಎಣ್ಣೆ ಬರುತ್ತಿತ್ತು. ಮಲಗಿದವನು ಏಳುವ ತನಕ ಯಾರಾದರೊಬ್ಬರು ಅವನ ಮಗ್ಗಕ್ಕೆ ಕೂತು ಸೀರೆ ಮುಗಿಸಿಕೊಡುತ್ತಿದ್ದರು. ಒಳ್ಳೆಯ ಜನ. ಇದನ್ನು ನಾನು ಕೊಂಕಿನಿಂದ ಹೇಳುತ್ತಿಲ್ಲ.

ಆದರೆ ಮನಸ್ಸು ಮಲಗಿದವನಿಗೆ ಆ ಬೀದಿಯಲ್ಲಿ ಗಂಜಿ ಇರಲಿಲ್ಲ. ಹಿಂದೊಮ್ಮೆ ಅಲ್ಲಿ ಒಬ್ಬನಿಗೆ ಹಾಗಾಗಿತ್ತು. ಹೊಳೆಯಾಚೆಯ ಊರಿನಲ್ಲಿ ಮನಸ್ಸಿನ ಕಾಯಿಲೆಗೆ ಮದ್ದು ಕೊಡುವ ವೈದ್ಯರಿದ್ದರು. ಅವನು ಅಲ್ಲಿಗೆ ಹೋಗಿ, ವಾಸಿಯಾಗಿ ಬಂದು ಮತ್ತೆ ಮಗ್ಗಕ್ಕೆ ಕೂತ. ಮೊದಲಿಗಿಂತ ಚೆನ್ನಾಗಿಯೇ ನೇಯ್ದ. ಆದರೂ ಅವನು ನೇಯ್ದ ಸೀರೆಯನ್ನು ಯಾರೂ ಮದುವೆಗೆ ಕೊಳ್ಳಲಿಲ್ಲ. ಉಟ್ಟವಳ ತಲೆಯೂ ಕೆಟ್ಟೀತು ಎಂದರು. ಅವನ ಮಗನಿಗೆ ಹೆಣ್ಣು ಕೇಳಲು ಹೋದಾಗ, ಹುಚ್ಚು ಬಿಡುವ ತನಕ ಮದುವೆಯಾಗುವುದಿಲ್ಲ, ಮದುವೆಯಾಗುವ ತನಕ ಹುಚ್ಚು ಬಿಡುವುದಿಲ್ಲ ಎಂದು ಗಾದೆ ಹೇಳಿ ನಕ್ಕರು. ಕೊನೆಗೆ ಅವರು ಊರು ಬಿಟ್ಟರು. ಆ ಮನೆಗೆ ಬೇರೆಯವರು ಬಂದು ಎಷ್ಟೋ ಕಾಲವಾದರೂ ಅದಕ್ಕೆ ಹುಚ್ಚರ ಮನೆ ಎಂಬ ಹೆಸರು ತಪ್ಪಲಿಲ್ಲ. ವಾಸಿಯಾದದ್ದು ಅವನಿಗೆ, ರೋಗ ಉಳಿದದ್ದು ಬೀದಿಗೆ.

ಅದೇ ಬೀದಿಯಲ್ಲಿ ಇನ್ನೊಬ್ಬ ನೇಕಾರನಿದ್ದ. ಮನೆಯಲ್ಲಿ ಅವನ ತಾಯಿ ಮತ್ತು ಹೆಂಡತಿ. ಕೆಲಸಗಾರ ಮನುಷ್ಯ, ಮಾತು ಕಡಿಮೆ. ಒಂದು ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಅವನಿಗೆ ನಿದ್ದೆ ಬಾರದಾಯಿತು. ಆಮೇಲೆ ಹಸಿವು ಹೋಯಿತು. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು, ಲಾಳಿಯ ಹಗ್ಗ ಕೈಯಲ್ಲಿ ಹಿಡಿದು, ಎಳೆಯದೆ ಹಾಗೇ ಕೂತಿರುತ್ತಿದ್ದ. ಏನಾಗುತ್ತಿದೆ ಎಂದು ಹೆಂಡತಿ ಕೇಳಿದರೆ, ಬದುಕುವುದು ಭಾರವಾಗಿದೆ ಎನ್ನುತ್ತಿದ್ದ.

ಒಂದು ದಿನ ಅವನು ಮಗ್ಗಕ್ಕೆ ಏಳಲೇ ಇಲ್ಲ. ಗಳಿಗೆಯಲ್ಲೇ ಪಕ್ಕದ ಮನೆಯಾಕೆ ಬಾಗಿಲಿಗೆ ಬಂದಳು. ಆ ಬೀದಿಯಲ್ಲಿ ಅವಳಷ್ಟು ಚುರುಕು ಕಿವಿ ಯಾರಿಗೂ ಇರಲಿಲ್ಲ. ತಾಯಿ ಹೊಸ್ತಿಲಲ್ಲೇ ಅವಳನ್ನು ತಡೆದು, ಹಗ್ಗ ಹರಿದಿದೆ, ಕಟ್ಟುತ್ತಿದ್ದಾನೆ ಎಂದು ಸುಳ್ಳು ಹೇಳಿ ಕಳಿಸಿದಳು. ಒಳಗೆ ಬಂದವಳೇ ತಾನೇ ಕುಣಿಗೆ ಇಳಿದಳು.

ಲಾಳಿಯ ಹೊಟ್ಟೆಯಲ್ಲಿ ನೂಲು ಸುತ್ತಿದ ಕಂಡಿಕೆ ಇರಬೇಕು. ಲಾಳಿ ಅತ್ತಿಂದಿತ್ತ ಓಡಿದಂತೆ ಆ ನೂಲು ಮಗ್ಗದ ಉದ್ದಕ್ಕೆ ಎಳೆದು ಕಟ್ಟಿದ ಹಾಸಿನ ಎಳೆಗಳೊಳಗೆ ಸೇರಿ ಬಟ್ಟೆಯಾಗುತ್ತದೆ. ತಾಯಿಗಾಗಲಿ ಸೊಸೆಗಾಗಲಿ ನೇಯಲು ಬರುತ್ತಿರಲಿಲ್ಲ. ನೂಲು ಹಾಕಿ ಓಡಿಸಿದರೆ ತನ್ನ ಕೈಯಲ್ಲಿ ರೇಷ್ಮೆ ಕೆಡುತ್ತದೆ ಎಂದು ತಾಯಿ ಕಂಡಿಕೆಯನ್ನು ತೆಗೆದಿಟ್ಟಳು. ಬರಿ ಲಾಳಿಯನ್ನು ಓಡಿಸಿದಳು. ಕಂಡಿಕೆ ಇಲ್ಲದಿದ್ದರೂ ಲಾಳಿ ಓಡುತ್ತದೆ. ಸದ್ದು ಅದೇ. ಬಟ್ಟೆ ಮಾತ್ರ ಬೆರಳಿನಷ್ಟೂ ಬೆಳೆಯುವುದಿಲ್ಲ.

ಅಂದಿನಿಂದ ಅತ್ತೆ ಸೊಸೆ ಸರದಿಯ ಮೇಲೆ ಬರಿ ಮಗ್ಗ ನಡೆಸಿದರು. ಹೊಟ್ಟೆಗೆ ಮನೆಯ ಹಿತ್ತಾಳೆ ಪಾತ್ರೆಗಳು ಒಂದೊಂದಾಗಿ ದೂರದ ಸಂತೆಗೆ ಹೋದವು. ಸೊಸೆ ದಿನವೂ ಅದೇ ಮಾತು ಹೇಳಿದಳು: ವೈದ್ಯರ ಬಳಿ ಹೋಗೋಣ, ಕೇಳಿದವರಿಗೆ ನಾನು ಉತ್ತರ ಕೊಡುತ್ತೇನೆ. ಹೊರಗಿನಿಂದ ಬಂದವಳಿಗೆ ಈ ಬೀದಿಯ ಬಾಯಿ ಗೊತ್ತಿಲ್ಲ, ಮಡಕೆಯ ಬಾಯಿ ಮುಚ್ಚಬಹುದು, ಜನರ ಬಾಯಿ ಮುಚ್ಚಲಾಗುವುದಿಲ್ಲ ಎಂದು ಅತ್ತೆ ಅವಳ ಮಾತನ್ನು ತಡೆದಳು.

ಕೊನೆಗೆ ನೇಕಾರ ತಾನೇ ಕೇಳಿದ. ಗೋಡೆಗೆ ಒರಗಿ ಕೂತಿದ್ದವನು ತಾಯಿಯ ಸೆರಗು ಹಿಡಿದ.

"ಯವ್ವಾ, ನನ್ನ ಆ ವೈದ್ಯರ ಹತ್ರ ಕರಕೊಂಡು ಹೋಗು. ಇದು ನನ್ನ ಕೈಯಾಗ ಉಳಿದಿಲ್ಲ."

"ಅಮಾಸಿ ಬರಲಿ, ಮಗನ. ಅವತ್ತ ಎಲ್ಲಾ ಮಗ್ಗ ನಿಂತಿರ್ತಾವ. ನಾವು ಹೋಗಿದ್ದು ಯಾರಿಗೂ ಗೊತ್ತಾಗಂಗಿಲ್ಲ."

ನೋಡು, ಅವಳು ಇಲ್ಲ ಎನ್ನಲಿಲ್ಲ. ಪಕ್ಕದ ಊರಿನ ಗಾಡಿಯವನಿಗೆ ಹೇಳಿಯೂ ಬಿಟ್ಟಳು, ಅಮಾವಾಸ್ಯೆಯ ಬೆಳಿಗ್ಗೆ ಬಾ ಎಂದು. ಸ್ವಂತ ಊರಿನ ಗಾಡಿಯಾದರೆ ಸುದ್ದಿ ಹರಡುತ್ತದಲ್ಲ. ಎಲ್ಲವನ್ನೂ ಯೋಚಿಸಿದ್ದಳು. ನನಗೆ ಆ ತಾಯಿಯ ಮೇಲೆ ಸಿಟ್ಟು ಬರುತ್ತದೆ. ಆಮೇಲೆ ಹಗ್ಗ ಎಳೆದೆಳೆದು ಬೊಬ್ಬೆ ಎದ್ದ ಅವಳ ಅಂಗೈ ನೆನಪಾಗುತ್ತದೆ, ಸಿಟ್ಟನ್ನು ಎಲ್ಲಿಡಬೇಕೆಂದು ತಿಳಿಯುವುದಿಲ್ಲ. ಅವಳು ಮಗನನ್ನು ಪ್ರೀತಿಸುತ್ತಿದ್ದಳು. ಬೀದಿಗೆ ಹೆದರುತ್ತಿದ್ದಳು. ಎರಡೂ ನಿಜ.

ಅಮಾವಾಸ್ಯೆಯ ಹಿಂದಿನ ದಿನ ಮಧ್ಯಾಹ್ನ ಸೊಸೆ ನೀರಿಗೆ ಹೋಗಿದ್ದಳು. ತಾಯಿ ಮಗ್ಗದಲ್ಲಿದ್ದಳು. ಒಳಮನೆಯಿಂದ ಮಗ ಅವ್ವಾ ಎಂದು ಕರೆದ. ಮತ್ತೊಮ್ಮೆ ಕರೆದ. ಲಾಳಿಯ ಸದ್ದಿನಲ್ಲಿ ತಾಯಿಗೆ ಕೇಳಿಸಲಿಲ್ಲ. ಹಿತ್ತಿಲ ಕಡೆ ಸೌದೆ ಆಯುತ್ತಿದ್ದ ಹೆಂಗಸೊಬ್ಬಳಿಗೆ ಕೇಳಿಸಿತು. ಅವಳು ಆಮೇಲೆ ಎದೆ ಬಡಿದುಕೊಂಡು ಹೇಳಿದಳು: ಮಗ್ಗ ನಡೆಯುತ್ತಿತ್ತು, ಆ ಮನೆಯಲ್ಲಿ ಎಲ್ಲ ಸರಿಯಾಗಿದೆ ಎಂದುಕೊಂಡು ನಾನು ಮುಂದೆ ಹೋದೆ.

ಸೊಸೆ ಕೊಡ ಹೊತ್ತು ಬಂದಾಗ ಹಿತ್ತಿಲ ಬಾಗಿಲು ತೆರೆದಿತ್ತು. ಸಂಜೆ ಅವನನ್ನು ಕೆರೆಯಿಂದ ಎತ್ತಿ ತಂದರು.

ಇಷ್ಟೇನಾ ಕತೆ ಎಂದು ಶಿಷ್ಯ ನಡುವೆ ಕೇಳಿದ. ಇಷ್ಟೇ ಆಗಿದ್ದರೆ ನಾನು ಹೇಳುತ್ತಲೇ ಇರಲಿಲ್ಲ ಎಂದು ಗುರುಗಳು ಮುಂದುವರಿಸಿದರು.

ಆ ಬೀದಿಯಲ್ಲಿ ಒಂದು ಪದ್ಧತಿ ಇತ್ತು. ನೇಕಾರ ಸತ್ತರೆ ಅವನು ನೇಯುತ್ತಿದ್ದ ಬಟ್ಟೆಯನ್ನೇ ಮಗ್ಗದಿಂದ ಕತ್ತರಿಸಿ ತಂದು ಅವನಿಗೆ ಹೊದಿಸಬೇಕು. ಅದು ಸಾಲದಿದ್ದರೆ ಪಕ್ಕದ ಮನೆಯ ಮಗ್ಗದಿಂದ ತರಬೇಕು. ಅಂಗಡಿಯ ಬಟ್ಟೆ ಹೊದಿಸಿಕೊಂಡು ಹೋಗುವುದು ನೇಕಾರನಿಗೆ ಅವಮಾನ.

ಬೀದಿಯ ಎಲ್ಲ ಮಗ್ಗ ನಿಂತವು. ಹಿರಿಯರು ಚೂರಿ ಹಿಡಿದು ನೇಕಾರನ ಮಗ್ಗದ ಬಳಿ ಹೋದರು, ಹೋದ ಹಾಗೇ ಬರಿಗೈಯಲ್ಲಿ ಬಂದರು. ಮಗ್ಗದ ಮೇಲೆ ಗೇಣುದ್ದ ಬಟ್ಟೆ ಇತ್ತು, ಅದರ ಮೇಲೆ ಧೂಳು ಕೂತಿತ್ತು. ಜನ ಒಬ್ಬರ ಮುಖ ಒಬ್ಬರು ನೋಡಿದರು. ಬೆಳಗಿನಿಂದ ಸಂಜೆಯ ತನಕ ಈ ಮಗ್ಗದ ಸದ್ದನ್ನು ಎಲ್ಲರೂ ಕೇಳಿದ್ದರು. ತಾಯಿ ಮಗನ ತಲೆಯ ಬಳಿ ಕೂತು, ಇನ್ನು ಬೀದಿ ಏನನ್ನುವುದೋ ಅನ್ನಲಿ ಎಂಬಂತೆ ಕಣ್ಣು ಮುಚ್ಚಿದಳು. ಅವಳಿಗೆ ಇನ್ನು ಕಳೆದುಕೊಳ್ಳುವುದು ಏನೂ ಉಳಿದಿರಲಿಲ್ಲ.

ಹಾಗಾದರೆ ಪಕ್ಕದ ಮನೆಯಿಂದ ತನ್ನಿ ಎಂದರು ಹಿರಿಯರು.

ಆಗ ಪಕ್ಕದ ಮನೆಯಾಕೆ ಓಡಿಹೋಗಿ ತನ್ನ ಬಾಗಿಲಿಗೆ ಅಡ್ಡ ನಿಂತಳು. ನಾಳೆ ಕೊಡುತ್ತೇನೆ ಎಂದಳು. ಬಟ್ಟೆಯನ್ನು ಇಲಿ ಕಡಿದಿದೆ ಎಂದಳು. ಹಿರಿಯರಿಗೆ ಕೋಪ ಬಂತು, ಸಾವಿನ ಮನೆಯ ಮುಂದೆ ಇದೆಂಥ ಜಿಪುಣತನ ಎಂದು ಅವಳನ್ನು ಸರಿಸಿ ಒಳಗೆ ಹೋದರು.

ಅಲ್ಲಿಯೂ ಮಗ್ಗದ ಮೇಲೆ ಬರಿ ಹಾಸು. ಲಾಳಿಯಲ್ಲಿ ಕಂಡಿಕೆ ಇರಲಿಲ್ಲ. ಒಳಕೋಣೆಯಲ್ಲಿ ಬಾಣಂತನಕ್ಕೆ ಬಂದ ಮಗಳು ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ಹೆತ್ತ ಮೇಲೆ ಅವಳು ಮಾತು ಬಿಟ್ಟಿದ್ದಳು, ಮಗುವನ್ನು ಮುಟ್ಟುತ್ತಿರಲಿಲ್ಲ. ನೇಯಬೇಕಾದ ಅಪ್ಪ ಮಗ್ಗ ಬಿಟ್ಟು, ಹಸುಗೂಸನ್ನು ಮಡಿಲಲ್ಲಿಟ್ಟುಕೊಂಡು ಅವಳ ಬಾಗಿಲು ಕಾಯುತ್ತಿದ್ದ. ಚುರುಕು ಕಿವಿಯ ಆ ಹೆಂಗಸು ದಿನವಿಡೀ ಬರಿ ಲಾಳಿ ಓಡಿಸುತ್ತಿದ್ದಳು.

ಅವಳು ಸತ್ತವನ ತಾಯಿಯ ಎದುರು ಬಂದು ಕುಸಿದು ಕೂತಳು.

"ನಿನ್ನ ಮಗ್ಗ ಒಂದ ದಿನ ನಿಂತಿದ್ರ ನಾನೂ ನಿಲ್ಲಸ್ತಿದ್ದೆ, ಅಕ್ಕಾ. ನಿಂದು ನಿಲ್ಲಲೇ ಇಲ್ಲ."

"ನಿನ್ನ ಕಿವಿಗೆ ಹೆದರಿ ನಾ ನಿಲ್ಲಸಲಿಲ್ಲ," ಎಂದಳು ತಾಯಿ.

ಹಿರಿಯರು ಮೂರನೆಯ ಮನೆಯ ಕಡೆ ತಿರುಗಿದರು. ಆ ಮನೆಯ ಯಜಮಾನ ಒಳಗಿನಿಂದ ಅಗುಳಿ ಹಾಕಿಕೊಂಡ. ನಾಲ್ಕನೆಯ ಮನೆಯ ಮುಂದೆ ನಿಂತಿದ್ದವರು ತಲೆ ತಗ್ಗಿಸಿದರು. ಮುಂದಕ್ಕೆ ಹೋಗುವ ಧೈರ್ಯ ಯಾರಿಗೂ ಬರಲಿಲ್ಲ, ಹಿರಿಯರಿಗೂ ಬರಲಿಲ್ಲ. ಒಬ್ಬನನ್ನು ಪೇಟೆಗೆ ಓಡಿಸಿದರು. ನೇಕಾರರ ಬೀದಿಯಲ್ಲಿ ಸತ್ತ ನೇಕಾರನಿಗೆ ಅಂಗಡಿಯ ಬಟ್ಟೆ ಬಂತು.

ಮರುದಿನ ಅಮಾವಾಸ್ಯೆ. ಹೆಣ ಎತ್ತುವ ಹೊತ್ತಿಗೆ ಮನೆಯ ಮುಂದೆ ಗಾಡಿ ಬಂದು ನಿಂತಿತು. ಬೇರೆ ಊರಿನವನಿಗೆ ಏನೂ ಗೊತ್ತಿರಲಿಲ್ಲ. ವೈದ್ಯರ ಊರಿಗೆ ಹೋಗಬೇಕಾದವರು ಯಾರು, ಬೇಗ ಹತ್ತಿ ಎಂದ.

ತಾಯಿ ಗಾಡಿಯನ್ನು ನೋಡಿ ನೆಲಕ್ಕೆ ಹಣೆ ಹಚ್ಚಿದಳು. ಅಷ್ಟರಲ್ಲಿ ಸತ್ತವನ ಹೆಂಡತಿ ಎದ್ದಳು. ಅಂಥ ದಿನ ಅವಳು ಹೊಸ್ತಿಲು ದಾಟಬಾರದು. ದಾಟಿದಳು. ಪಕ್ಕದ ಮನೆಗೆ ಹೋಗಿ, ಗೋಡೆ ನೋಡುತ್ತ ಕೂತಿದ್ದ ಬಾಣಂತಿಯ ಪಕ್ಕದಲ್ಲಿ ಕೂತು ಏನೋ ಹೇಳಿದಳು, ಕೈ ಹಿಡಿದು ನಿಧಾನವಾಗಿ ಹೊರಗೆ ಕರೆತಂದಳು. ಬೀದಿಯವರೆಲ್ಲ ನೋಡುತ್ತಿದ್ದಂತೆ ಅವಳನ್ನು ಗಾಡಿಗೆ ಹತ್ತಿಸಿದಳು. ಮಗುವನ್ನು ಎತ್ತಿಕೊಂಡು ಅವಳ ತಂದೆತಾಯಿ ಹತ್ತಿದರು. ಹೆಣ ಒಂದು ಕಡೆ ಹೋಯಿತು, ಗಾಡಿ ಇನ್ನೊಂದು ಕಡೆ ಹೋಯಿತು. ಆ ಹುಡುಗಿ ಬದುಕಿದಳು. ಮಗುವಿಗೆ ಅವಳೇ ಎದೆಹಾಲು ಕುಡಿಸಿದಳು ಎಂದು ಕೇಳಿದ್ದೇನೆ.

ಗುರುಗಳು ಕತೆ ಮುಗಿಸಿದರು. ಏನಾದರೂ ಕೇಳಲೇಬೇಕು ಎಂಬಂತೆ ಶಿಷ್ಯ, ಹಾಗಾದರೆ ಆ ಬೀದಿಯಲ್ಲಿ ಒಟ್ಟು ಎಷ್ಟು ಮನೆಗಳಲ್ಲಿ ಬರಿ ಮಗ್ಗ ನಡೆಯುತ್ತಿತ್ತು ಎಂದು ಕೇಳಿದ.

"ಮೊದಲು ನಿನ್ನ ಮನೆಯದನ್ನು ನಿಲ್ಲಿಸು, ಆಮೇಲೆ ಎಣಿಸೋಣ," ಎಂದರು ಗುರುಗಳು.